ಇಳಿಸಿದವರ ಹೆಸರು

ಪೈಲಟ್ ಆಗಿದ್ದವನು ಎಂದು ಗೊತ್ತಾದರೆ ಸಾಕು, ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಒಂದು, ಭಯ ಆಗುವುದಿಲ್ಲವೇ. ಇನ್ನೊಂದು, ಮರೆಯಲಾಗದ ಹಾರಾಟ ಯಾವುದು. ಎರಡನೆಯದಕ್ಕೆ ಉತ್ತರವನ್ನೂ ಅವರೇ ತಂದಿರುತ್ತಾರೆ. ಹಿಮದ ಬೆಟ್ಟದ ಮೇಲೆ ಸೂರ್ಯ ಹುಟ್ಟಿದ್ದು, ಸಿಡಿಲಿನ ನಡುವೆ ನುಸುಳಿ ಬಂದದ್ದು, ಇಂಥವೇ ಏನಾದರೂ ಬೇಕು ಅವರಿಗೆ. ನನ್ನ ಷಡ್ಡಕನಂತೂ ನಾನು ಬಾಯಿ ತೆರೆಯುವ ಮೊದಲೇ, ಅವನು ಒಮ್ಮೆ ಕಿಟಕಿ ಪಕ್ಕ ಕೂತು ಕಂಡ ಬೆಟ್ಟವನ್ನು ಬಣ್ಣಿಸಲು ಶುರುಮಾಡುತ್ತಾನೆ. ಬೆಟ್ಟವನ್ನು ಇವನೇ ಕಟ್ಟಿಸಿದ್ದೇನೋ ಎನ್ನಬೇಕು.

ಅವೆಲ್ಲ ನಾನೂ ಕಂಡಿದ್ದೇನೆ. ಎಂಜಿನ್ ಒಂದು ಕೈಕೊಟ್ಟಿದ್ದೂ ಆಗಿದೆ. ಅದೆಲ್ಲ ಎರಡು ದಿನದಲ್ಲಿ ಮರೆತುಹೋಗುತ್ತದೆ. ಮರೆಯಲಾಗದ್ದು ನನ್ನ ನೌಕರಿಯ ಕೊನೆಯ ದಿನ.

ಮೊದಲು ಹೆಂಡತಿಯ ವಿಷಯ ಹೇಳಬೇಕು. ನಾನು ಮೂವತ್ತನಾಲ್ಕು ವರ್ಷ ವಿಮಾನ ಓಡಿಸಿದೆ. ಅಷ್ಟೂ ವರ್ಷದಲ್ಲಿ ಅವಳು ಒಮ್ಮೆಯೂ ವಿಮಾನ ಹತ್ತಲಿಲ್ಲ. ನನ್ನದೆಂದಲ್ಲ, ಯಾರದ್ದೂ ಇಲ್ಲ. ಟೈಲರ್ ಅವಳು, ಮುಂದಿನ ಕೋಣೆಯಲ್ಲಿ ಎರಡು ಮಷಿನ್ ಇಟ್ಟುಕೊಂಡಿದ್ದಾಳೆ. ಕೈಗೆ ಸಿಗದ್ದನ್ನು, ಅಳತೆಗೆ ಬಾರದ್ದನ್ನು ನಂಬುವ ಜಾತಿಯಲ್ಲ. ನೀವು ಸ್ಕೂಟರ್ ನಿಲ್ಲಿಸುವಾಗ ಗೋಡೆಗೆ ಉಜ್ಜುವುದನ್ನು ದಿನಾ ನೋಡುತ್ತೇನೆ, ಎಪ್ಪತ್ತು ಜನರನ್ನು ಕೂರಿಸಿಕೊಂಡು ಏನು ಮಾಡುತ್ತೀರೋ ದೇವರೇ ಬಲ್ಲ ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ಆದರೆ ಹೆದರಿಕೆ ನಿಜವಾದದ್ದು. ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ಹೊಲಿಯುವ ಕಾಲು ನಿಲ್ಲಿಸಿ ಅದು ಹೋಗುವವರೆಗೂ ಕಾಯುತ್ತಿದ್ದಳು.

ಇತರ ಪೈಲಟ್‌ಗಳಿಗೆ ದೊಡ್ಡ ದೊಡ್ಡ ಕನಸುಗಳಿದ್ದವು. ಒಬ್ಬನಿಗೆ ಧ್ರುವದ ಮೇಲೆ ಹಾರಬೇಕು, ಇನ್ನೊಬ್ಬನಿಗೆ ಸಮುದ್ರದ ನೀರಿನ ಮೇಲೆ ಇಳಿಯುವ ವಿಮಾನ ಬೇಕು. ನನಗೆ ಬೇಕಾಗಿದ್ದು ಇಷ್ಟೇ. ಇವಳನ್ನು ಒಮ್ಮೆ ಹಿಂದೆ ಕೂರಿಸಿಕೊಂಡು ನಮ್ಮೂರಿನಲ್ಲಿ ಇಳಿಸಬೇಕು. ಬೆಣ್ಣೆಯ ಮೇಲೆ ಚಾಕು ಇಟ್ಟ ಹಾಗೆ, ಚಕ್ರ ನೆಲ ಮುಟ್ಟಿದ್ದೇ ಗೊತ್ತಾಗದ ಹಾಗೆ.

ನಿವೃತ್ತಿಯ ದಿನ ಕೊನೆಯ ಹಾರಾಟವನ್ನು ಕ್ಯಾಪ್ಟನ್ ತಾನೇ ಆರಿಸಿಕೊಳ್ಳಬಹುದು, ಮನೆಯವರನ್ನು ಕರೆತರಬಹುದು, ಇಳಿದ ಮೇಲೆ ಗೌರವಕ್ಕೆಂದು ಅಗ್ನಿಶಾಮಕದವರು ವಿಮಾನದ ಎರಡೂ ಕಡೆಯಿಂದ ನೀರು ಚಿಮ್ಮಿಸುತ್ತಾರೆ. ನಮ್ಮ ಕಂಪನಿಯ ಪದ್ಧತಿ ಅದು. ನಾನು ಬೇರೆ ಯಾವ ಊರನ್ನೂ ಕೇಳಲಿಲ್ಲ. ಇವಳ ತಂಗಿ ಇರುವ ಕರಾವಳಿಯ ಊರಿನಿಂದ ನಮ್ಮೂರಿಗೆ ಬರುವ ಬೆಳಗಿನ ಐವತ್ತೈದು ನಿಮಿಷದ ಹಾರಾಟ ಕೇಳಿದೆ. ಆರು ತಿಂಗಳು ಗೋಗರೆದ ಮೇಲೆ ಅವಳು ಒಪ್ಪಿದಳು. ಹೋಗುವುದು ಮಾತ್ರ ರೈಲಿನಲ್ಲಿ, ಎರಡು ದಿನ ಮೊದಲೇ.

ಆ ದಿನ ನನ್ನ ಪಕ್ಕದ ಸೀಟಿನಲ್ಲಿ ಕೋ-ಪೈಲಟ್ ಆಗಿ ಕೂತವಳು ಗುಬ್ಬಿ. ಸಣ್ಣ ಧ್ವನಿಯ ಹುಡುಗಿ, ಆ ಹೆಸರು ಇಟ್ಟವನು ನಾನೇ. ನನಗೂ ನಾನು ಕಲಿಸಿದ ಹುಡುಗರು ಬೆನ್ನ ಹಿಂದೆ ಒಣಮೆಣಸಿನಕಾಯಿ ಎಂದು ಹೆಸರಿಟ್ಟಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅಲ್ಲಗಳೆಯುವುದಿಲ್ಲ. ಗುಬ್ಬಿಯ ತರಬೇತಿ ಮುಗಿದಿತ್ತು. ಆ ದಿನದ ಹಾರಾಟವೇ ಅವಳ ಕೊನೆಯ ಪರೀಕ್ಷೆ, ಪರೀಕ್ಷಕ ನಾನು. ಇವಳು ಪಾಸೋ ಅಲ್ಲವೋ ಎಂದು ಬರೆಯುವ ಹಾಳೆ ನನ್ನ ಚೀಲದಲ್ಲಿತ್ತು.

ಹೊರಡುವಾಗ ನಮ್ಮೂರಿನಲ್ಲಿ ಮಂಜು ಎಂದು ಗೊತ್ತಿತ್ತು. ನಾವು ತಲುಪುವ ಹೊತ್ತಿಗೆ ಸರಿಯುತ್ತದೆ ಎಂದಿದ್ದರು. ಸರಿಯಲಿಲ್ಲ. ಆದರೆ ಪೂರ್ತಿ ಮುಚ್ಚಿಯೂ ಇರಲಿಲ್ಲ, ನಿಯಮ ಪ್ರಕಾರ ಒಮ್ಮೆ ಪ್ರಯತ್ನಿಸಬಹುದು ಎನ್ನುವಷ್ಟಿತ್ತು. ನೆಲದಿಂದ ಇನ್ನೂರು ಅಡಿ ಎತ್ತರದವರೆಗೆ ಉಪಕರಣ ನೋಡಿಕೊಂಡು ಬರಬಹುದು. ಅಲ್ಲಿ ರನ್‌ವೇಯ ದೀಪ ಕಣ್ಣಿಗೆ ಬಿದ್ದರೆ ಇಳಿಯಬೇಕು, ಬೀಳದಿದ್ದರೆ ಮೇಲೆ ಹೋಗಬೇಕು. ಇನ್ನೊಂದು ಕಟ್ಟುನಿಟ್ಟಿನ ನಿಯಮವಿದೆ. ಇಬ್ಬರಲ್ಲಿ ಯಾರೇ ಆಗಲಿ 'ಗೋ ಅರೌಂಡ್' ಎಂದರೆ ಮರುಮಾತಿಲ್ಲದೆ ಮೇಲೆತ್ತಬೇಕು. ಅಲ್ಲಿ ಕ್ಯಾಪ್ಟನ್ ಇಲ್ಲ, ಗುಬ್ಬಿ ಇಲ್ಲ. ಏಕೆ, ಏನು ಎಂಬುದೆಲ್ಲ ಮೇಲೆ ಹೋದ ಮೇಲೆ.

ಪರೀಕ್ಷೆ ಅವಳದ್ದಾದರೂ ಇಂಥ ಮಂಜಿನಲ್ಲಿ ಇಳಿಸಬೇಕಾದವನು ಕ್ಯಾಪ್ಟನ್, ಅಂದರೆ ನಾನು. ಗುಬ್ಬಿಯ ಕೆಲಸ ಉಪಕರಣ ನೋಡುವುದು, ಎತ್ತರ ಕೂಗುವುದು. ಹೊರಗೆ ಬಿಳೀ ಬಟ್ಟೆ ಹೊದಿಸಿದಂತೆ ಮಂಜು. ಇನ್ನೂರು ಅಡಿ ಎಂದಳು. ಅದೇ ಕ್ಷಣಕ್ಕೆ ಎಡಗಡೆ ಸಾಲಾಗಿ ಬಿಳೀ ದೀಪಗಳು ಕಂಡವು. ನನ್ನ ಜೀವಕ್ಕೆ ಎಷ್ಟು ಸಮಾಧಾನವಾಯಿತು ಎಂದರೆ, ಬಾಯಿತುಂಬ 'ರನ್‌ವೇ ಕಂಡಿತು, ಇಳಿಯುತ್ತೇನೆ' ಎಂದು ಹೇಳಿ ವಿಮಾನವನ್ನು ಎಡಕ್ಕೆ ವಾಲಿಸಿದೆ.

"ಗೋ ಅರೌಂಡ್," ಎಂದಳು ಗುಬ್ಬಿ.

ನಾನು ಕೇಳಿಸಿಕೊಂಡೆ. ಕಿವಿಗೆ ಸ್ಪಷ್ಟವಾಗಿ ಬಿತ್ತು. ಆದರೂ ನನ್ನ ಕೈ ಅಲುಗಲಿಲ್ಲ. ದೀಪ ಕಣ್ಣೆದುರಿಗಿದೆ, ಹಿಂದೆ ಹೆಂಡತಿ ಕೂತಿದ್ದಾಳೆ, ನಿನ್ನೆ ಮೊನ್ನೆ ಬಂದ ಹುಡುಗಿ ಏನು ಹೇಳುತ್ತಿದ್ದಾಳೆ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಎರಡು ಸೆಕೆಂಡ್ ಇರಬೇಕು. ಅಲ್ಲಿ ಎರಡು ಸೆಕೆಂಡ್ ಅಂದರೆ ಇಪ್ಪತ್ತೈದು ಅಡಿ.

"ಸರ್, ಅದು ರನ್‌ವೇ ಅಲ್ಲ. ಗೋ ಅರೌಂಡ್."

ಈ ಸಲದ್ದು ಸಣ್ಣ ಧ್ವನಿಯಲ್ಲ. ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ವಿಮಾನದ ಮೂತಿ ಮೇಲೆತ್ತಿದೆ. ವಿಮಾನ ಏಳುತ್ತಿದ್ದ ಹಾಗೆ ಮಂಜು ಒಂದು ಕಡೆ ಹರಿದು ಕೆಳಗಿನದು ಕಂಡಿತು. ಉದ್ದನೆಯ ಗೋದಾಮು, ಅದರ ಅಂಗಳದ ದೀಪದ ಕಂಬಗಳು, ಕಂಬದ ಕೆಳಗೆ ಸಾಲಾಗಿ ನಿಂತ ಲಾರಿಗಳು. ಗುಬ್ಬಿ ನೋಡುತ್ತಿದ್ದ ಉಪಕರಣದ ಪ್ರಕಾರ ರನ್‌ವೇ ಬಲಗಡೆಗಿತ್ತು.

ಆ ಗೋದಾಮು ನನಗೆ ಹೊಸದಲ್ಲ. ಎಂಟು ತಿಂಗಳ ಹಿಂದೆ ಅದು ಕಟ್ಟಿ ಮುಗಿದಾಗ, ಈ ದೀಪಗಳು ಮಂಜಿನಲ್ಲಿ ರನ್‌ವೇಯಂತೆ ಕಾಣುತ್ತವೆ, ಅನುಭವವಿಲ್ಲದ ಹುಡುಗರು ಮೋಸಹೋಗುತ್ತಾರೆ ಎಂದು ಕಚೇರಿಗೆ ಉದ್ದನೆಯ ಪತ್ರ ಬರೆದವನು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಹಾಗಾಯಿತು.

ಇನ್ನೊಂದು ಪ್ರಯತ್ನ ಮಾಡಲಿಲ್ಲ. ಇಪ್ಪತ್ತೈದು ನಿಮಿಷ ದೂರದ ಇನ್ನೊಂದು ಊರಿಗೆ ಹೋಗಿ ಇಳಿದೆವು. ಇಳಿಸಿದವನು ನಾನು. ಹೇಗೆ ಇಳಿಸಿದೆ ಎಂದು ಈಗಲೂ ನೆನಪಿಲ್ಲ. ದಾರಿಯುದ್ದಕ್ಕೂ ಗುಬ್ಬಿ ಹೇಳಬೇಕಾದ್ದಷ್ಟೇ ಹೇಳಿದಳು, ನಾನು ಉತ್ತರಿಸಬೇಕಾದ್ದಷ್ಟೇ ಉತ್ತರಿಸಿದೆ.

ಪ್ರಯಾಣಿಕರೆಲ್ಲ ಇಳಿದ ಮೇಲೆ ಹೆಂಡತಿ ಕಾಕ್‌ಪಿಟ್ ಬಾಗಿಲಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು, ಸೀರೆಯ ಸೆರಗನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು. ಬೈಯುತ್ತಾಳೆ ಎಂದುಕೊಂಡೆ.

"ಕಾಣ್ಲಿಲ್ಲ ಅಂತ ತಕ್ಷಣ ಮೇಲೆ ಎತ್ತಿದ್ರಲ್ಲ," ಎಂದಳು. "ಇಷ್ಟು ವರ್ಷ ಸುಮ್ನೆ ಹೆದರಿಕೊಂಡಿದ್ದೆ ಅನ್ನಿಸ್ತು ರೀ."

ಗುಬ್ಬಿ ತಲೆ ಎತ್ತಲಿಲ್ಲ, ಕಾಗದಗಳನ್ನು ಜೋಡಿಸುತ್ತಿದ್ದಳು. ನಾನು ಹೆಂಡತಿಗೆ, ಹೋಗಿ ಒಳಗೆ ಕಾಫಿ ಕುಡಿ, ಬರುತ್ತೇನೆ ಎಂದೆ. ಮೂವತ್ತನಾಲ್ಕು ವರ್ಷ ಕಾದು ಕೇಳಿದ ಮಾತು ಅದು. ಕೇಳಿದಾಗ ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಇಂಥದ್ದೇನಾದರೂ ಆದರೆ ಕ್ಯಾಪ್ಟನ್ ವರದಿ ಬರೆಯಬೇಕು. ಫಾರಂ ತೆಗೆದು ಮುಂದಿಟ್ಟುಕೊಂಡೆ, ಪೆನ್ನು ಓಡಲಿಲ್ಲ. ಗುಬ್ಬಿ ತಾನಾಗಿಯೇ ಮಾತಾಡಿದಳು. ಮಂಜು ಇತ್ತು, ಮೇಲೆ ಹೋದೆವು, ಬೇರೆ ಊರಲ್ಲಿ ಇಳಿದೆವು ಎಂದು ಒಂದೇ ಸಾಲು ಬರೆದರೆ ಸಾಕು, ಅದರಲ್ಲಿ ಸುಳ್ಳೇನೂ ಇಲ್ಲ ಎಂದಳು.

"ನಾನು ಯಾರಿಗೂ ಹೇಳಲ್ಲ ಸರ್. ಇವತ್ತು ನಿಮ್ಮ ದಿನ."

ಅವಳ ಪರೀಕ್ಷೆಯ ಹಾಳೆ ನನ್ನ ಹತ್ತಿರ ಇದೆ, ಅದಕ್ಕೇ ಬೆಣ್ಣೆ ಹಚ್ಚುತ್ತಿದ್ದಾಳೆ ಎಂದುಕೊಂಡೆ. ನನ್ನ ಬುದ್ಧಿಯೇ ಅಂಥದ್ದು. ಆದರೆ ಮುಖ ನೋಡಿದರೆ ಅದು ಕನಿಕರ. ಬೆಣ್ಣೆಯಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಲು ಶತಮಾನ ನೂರಾರು ಹುಡುಗರನ್ನು ಗದರಿಸಿ ಕಲಿಸಿದವನ ಮೇಲೆ ಒಂದು ಗುಬ್ಬಿ ಕನಿಕರ ಪಡುವುದು! ಸಿಟ್ಟು ಬಂತು. ಆದರೂ ಅವಳು ಹೇಳಿದ ಆ ಒಂದು ಸಾಲನ್ನೇ ಬರೆದೆ. ಸಹಿ ಮಾತ್ರ ಹಾಕಲಿಲ್ಲ. ಫಾರಂ ಮಡಿಚಿ ಜೇಬಿಗಿಟ್ಟುಕೊಂಡು ಕಾಯುವ ಕೋಣೆಗೆ ಹೋದೆ.

ಅಲ್ಲಿ ಕಿಟಕಿಯ ಪಕ್ಕ ನನ್ನ ಹೆಂಡತಿ, ಅಕ್ಕಪಕ್ಕದಲ್ಲಿ ಐದಾರು ಜನ. ನನ್ನನ್ನು ತೋರಿಸಿ ನಮ್ಮನೆಯವರು, ನಮ್ಮನೆಯವರು ಎಂದು ಹೇಳುತ್ತಿದ್ದಾಳೆ. ಒಂದು ಮಗುವಿನ ತಾಯಿ ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡು, ನಿಮ್ಮಿಂದ ಬದುಕಿದೆವು ಎಂದಳು. ಆ ಮಗು ನನ್ನ ಟೋಪಿಯನ್ನೇ ನೋಡುತ್ತಿತ್ತು.

ಹೆಂಡತಿಯನ್ನು ಹೊರಗಿನ ಮೊಗಸಾಲೆಗೆ ಕರೆದೆ. ಕೈಗಾಡಿಗಳನ್ನು ಸಾಲಾಗಿ ನಿಲ್ಲಿಸಿದ ಮೂಲೆ. ಒಂದೇ ಉಸಿರಿಗೆ ಹೇಳಿದೆ. ಮೇಲೆ ಹೋಗು ಎಂದವನು ನಾನಲ್ಲ, ಆ ಹುಡುಗಿ. ನಾನು ಗೋದಾಮಿನ ದೀಪ ನೋಡಿ ರನ್‌ವೇ ಎಂದುಕೊಂಡೆ. ಅವಳು ಒಮ್ಮೆ ಹೇಳಿದಾಗ ಕೇಳಲಿಲ್ಲ, ಎರಡನೆಯ ಸಲ ಹೇಳಬೇಕಾಯಿತು. ಅವಳು ಸುಮ್ಮನಿದ್ದಿದ್ದರೆ ನಿನ್ನನ್ನು ಲಾರಿಗಳ ಮೇಲೆ ಇಳಿಸುತ್ತಿದ್ದೆ.

ಹೆಂಡತಿ ನನ್ನ ಅಂಗಿಯ ಮೇಲಿನ ಗುಂಡಿಯನ್ನು ನೋಡುತ್ತಿದ್ದಳು. ಅದನ್ನು ಹಾಕಿದವಳು ಅವಳೇ.

"ಕೇಳಿಸ್ಲಿಲ್ವಾ, ಕೇಳಿಸಿಯೂ ಸುಮ್ನಿದ್ರಾ?"

"ಕೇಳಿಸ್ತು."

"ನಾನಿದ್ದೆ ಅಂತಾನಾ?"

ಹೌದೆಂದೆ. ಅವಳು ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದಳು. ಆರು ತಾಸಿನ ದಾರಿ ಎಂದೆ. ವಿಮಾನ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೇಳಿದಳು. ಮಂಜು ಸರಿದಿದೆ, ಇನ್ನೊಂದು ಗಂಟೆಯಲ್ಲಿ ಎಂದೆ. ಗಾಜಿನಾಚೆ ಗುಬ್ಬಿ ವಿಮಾನವನ್ನು ಸುತ್ತುತ್ತಾ, ಬಗ್ಗಿ ಒಂದೊಂದೇ ಚಕ್ರ ಪರೀಕ್ಷಿಸುತ್ತಿದ್ದಳು. ಹೆಂಡತಿ ಅದನ್ನು ಕೊನೆಯವರೆಗೂ ನೋಡಿದಳು.

"ಆ ಹುಡುಗಿ ಇಳಿಸೋದಾದ್ರೆ ಬರ್ತೀನಿ," ಎಂದಳು. "ಇಲ್ದಿದ್ರೆ ಬಸ್ಸು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ, ಅರ್ಥವಾದದ್ದು ಆಗ. ನಾಳೆಯಿಂದ ನನಗೆ ವಿಮಾನವಿಲ್ಲ. ಉಳಿದಿರುವುದು ಒಂದೇ ಇಳಿತ, ಅದೂ ನಮ್ಮೂರಿನದ್ದು, ಅದೂ ಇವಳಿರುವಾಗ. ಸಿಟ್ಟಿನಿಂದ ಏನೋ ಹೇಳಲು ಹೋದೆ. ಅವಳು ಮತ್ತೆ ಸೆರಗನ್ನು ಹಿಂಡತೊಡಗಿದ್ದು ಕಂಡಿತು. ಬಸ್ಸಿನ ದಾರಿ ಇದ್ದೂ, ಅಷ್ಟು ಹೆದರಿಕೊಂಡೂ ಅವಳು ಬರುತ್ತೇನೆ ಎನ್ನುತ್ತಿದ್ದಾಳೆ. ಆಗಲಿ ಎಂದೆ.

ವಿಮಾನಕ್ಕೆ ಹೋಗಿ ಜೇಬಿನ ಫಾರಂ ಹರಿದು ಹೊಸದು ಬರೆದೆ. ಗೋದಾಮು, ಎರಡು ಸೆಕೆಂಡ್, ಎರಡು ಸಲ ಹೇಳಿಸಿಕೊಂಡದ್ದು, ಎಲ್ಲವನ್ನೂ ಬರೆದು ಸಹಿ ಹಾಕಿದೆ. ಗುಬ್ಬಿಯ ಹಾಳೆಗೂ ಸಹಿ ಹಾಕಿ ಪಾಸ್ ಎಂದು ಬರೆದೆ. ಕಚೇರಿಯವರು ಫೋನಿನಲ್ಲಿ, ಕೊನೆಯ ದಿನ ಇದೆಲ್ಲ ಯಾಕೆ ಸರ್, ಯಾರು ಕೇಳುತ್ತಾರೆ ಎಂದರು. ಆ ದೀಪಗಳಿಗೆ ಮರೆ ಕಟ್ಟಿಸಿ, ಆಮೇಲೆ ನನಗೆ ಬುದ್ಧಿ ಹೇಳಿ ಎಂದು ಫೋನ್ ಇಟ್ಟೆ.

ನೀನೇ ಇಳಿಸಬೇಕು ಎಂದಾಗ ಗುಬ್ಬಿ ಒಪ್ಪಲಿಲ್ಲ. ಅದು ನಿಮ್ಮದು ಸರ್, ನಾನು ಮುಟ್ಟುವುದಿಲ್ಲ ಎಂದಳು. ನನ್ನ ಹೆಂಡತಿ ಆರು ತಾಸು ಬಸ್ಸಿನಲ್ಲಿ ಕೂತು ಬೆನ್ನು ನೋಯಿಸಿಕೊಂಡರೆ ನೀನು ಬಂದು ಎಣ್ಣೆ ತಿಕ್ಕುತ್ತೀಯಾ ಎಂದು ಗದರಿದೆ. ಅದು ಅವಳಿಗೆ ಅರ್ಥವಾಯಿತು.

ನಮ್ಮೂರಿನ ಮೇಲೆ ಬಿಸಿಲು ಹರಡಿತ್ತು. ಐದು ಮೈಲಿ ಆಚೆಯಿಂದಲೇ ರನ್‌ವೇ ಕಾಣುತ್ತಿತ್ತು, ಪಕ್ಕದಲ್ಲಿ ನನಗಾಗಿ ಕಾಯುತ್ತಿದ್ದ ಎರಡು ಅಗ್ನಿಶಾಮಕ ವಾಹನಗಳೂ. ಅಂಥ ದಿನ ಕುರುಡನೂ ಇಳಿಸಬಹುದು. ವಿಮಾನ ನಿನ್ನ ಕೈಗೆ ಎಂದು ಗುಬ್ಬಿಗೆ ಹೇಳಿ, ನನ್ನ ಎರಡು ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡೆ. ಅಲ್ಲಿ ಇರಿಸಿಕೊಳ್ಳುವುದು ಎಷ್ಟು ಕಷ್ಟವಾಯಿತೆಂದು ಯಾರಿಗೂ ಹೇಳಿಲ್ಲ. ಬಲಚಕ್ರ ಮೊದಲು ಮುಟ್ಟಿತು, ಆಮೇಲೆ ಎಡದ್ದು, ಸ್ವಲ್ಪ ಧಪ್ಪೆಂದು. ನಾನು ಇನ್ನೂ ಮೆತ್ತಗೆ ಇಳಿಸುತ್ತಿದ್ದೆ, ಆ ಮಾತು ಈಗಲೂ ಹೇಳುತ್ತೇನೆ.

ನೀರು ಚಿಮ್ಮಿಸಿದರು, ಚಪ್ಪಾಳೆ ತಟ್ಟಿದರು. ಹೆಂಡತಿ ಬಂದು ಮೊದಲು ಗುಬ್ಬಿಯ ತಲೆ ನೇವರಿಸಿದಳು. ಆಮೇಲೆ ನನ್ನ ಪಕ್ಕ ನಿಂತು, ಮೇಲಿನಿಂದ ನಮ್ಮ ಮನೆಯ ಬೀದಿ ಕಾಣಿಸಿತು, ತಾರಸಿಯ ಮೇಲೆ ಒಣಹಾಕಿದ ಬೆಡ್‌ಶೀಟ್ ಕೂಡ ಕಾಣಿಸಿತು ಎಂದಳು. ಅಂದರೆ ಕಣ್ಣು ತೆರೆದೇ ಕೂತಿದ್ದಳು.

ಎಲ್ಲರೂ ಇಳಿದ ಮೇಲೆ ಲಾಗ್‌ಬುಕ್ ತೆಗೆದೆ. ಪ್ರತಿ ಹಾರಾಟಕ್ಕೂ ಇಳಿಸಿದವರು ಯಾರು ಎಂದು ಬರೆಯುವ ಒಂದು ಅಂಕಣ ಇರುತ್ತದೆ. ಆ ಅಂಕಣದಲ್ಲಿ ಗುಬ್ಬಿಯ ನಿಜವಾದ ಹೆಸರನ್ನು ಪೂರ್ತಿ ಬರೆದೆ. ಬರೆಯುವಾಗ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ, ಅಳುವೂ ಬಂತು. ಕೆಳಗೆ ಮೆಟ್ಟಿಲ ಹತ್ತಿರ ಹೆಂಡತಿ ನಿಂತು, ಎಷ್ಟು ಹೊತ್ತು ರೀ, ಮನೆಗೆ ಹೋಗೋಣ ಎಂದು ಕರೆಯುತ್ತಿದ್ದಳು.