ಶಿಲುಬೆಗೆ ಹಾಕಿದ ಬೀಗ

ಹುಲ್ಲಿನ ಮೇಲೆ ಎರಡು ಗೆರೆ, ಇಬ್ಬನಿಯನ್ನು ಯಾರೋ ಬೆರಳಿಟ್ಟು ಒರೆಸಿದ ಹಾಗೆ, ಉದ್ದಕ್ಕೆ, ಹಿಂದಿನ ಗೋಡೆ ಕುಸಿದಿರುವ ಕಡೆಗೆ — ಚಕ್ರದ ಗೆರೆ, ಹುಲ್ಲು ಕತ್ತರಿಸುವ ಮಷಿನ್ನಿನದು, ಎಡಗಡೆ ಚಕ್ರ ಸೊಟ್ಟ, ಅದಕ್ಕೇ ಆ ಕಡೆಯ ಗೆರೆ ಕುಡಿದವನ ಹಾಗೆ ಓಲಾಡುತ್ತದೆ, ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಇಷ್ಟು ವರ್ಷ ತಳ್ಳಿದವನು ಅವನೇ, ಈ ಚರ್ಚಿನ ಅಂಗಳ ಗುಡಿಸುವುದು, ಗಂಟೆ ಹೊಡೆಯುವುದು, ಹುಲ್ಲು ಕತ್ತರಿಸುವುದು, ಯಾರಾದರೂ ತೀರಿಕೊಂಡರೆ ಗುಂಡಿ ತೋಡುವುದು, ಎಲ್ಲದಕ್ಕೂ ಅವನೇ, ಸೊಂಟದ ಕೀಲಿಗೊಂಚಲು ಸದಾ ಗಲಗಲ ಅನ್ನುವುದರಿಂದ ಚಿಕ್ಕವರಿಗೂ ದೊಡ್ಡವರಿಗೂ ಬೀಗದ ಮಾಮ, ಬೀಗದ ಮಾಮ ಇರುವ ಜಾಗದಲ್ಲಿ ಕಳ್ಳತನ, ನಗುವವರಿಗೆ ಒಳ್ಳೆಯ ಸರಕು, ನಗಲಿ, ಗೆರೆ ಎಲ್ಲಿಗೆ ಹೋಯಿತೆಂದು ನೋಡುತ್ತಾ ನಿಂತಿದ್ದಾನೆ, ಎಲ್ಲಿಂದ ಹೊರಟಿತೆಂದು ನೋಡಲು ಕತ್ತು ತಿರುಗುತ್ತಿಲ್ಲ, ತಿರುಗಿಸಬೇಕು, ಇವತ್ತು ಭಾನುವಾರ, ಪೂಜೆಗೆ ಮೊದಲು ಮಗಳು ಬರುತ್ತಾಳೆ, ಹೂ ಹಿಡಿದು ನೇರ ಅಮ್ಮನ ಹತ್ತಿರ ಹೋಗುತ್ತಾಳೆ, ಅವಳು ಬರುವುದರೊಳಗೆ — ಬರುವುದರೊಳಗೆ ಏನು, ಏನು ಕಡಿದು ಕಟ್ಟೆ ಹಾಕುತ್ತಾನೆ — ಕತ್ತು ತಿರುಗಿತು, ಹೆಂಡತಿಯ ಸಮಾಧಿಯ ತಲೆಯ ಕಡೆ ಮಷಿನ್ನಿಲ್ಲ, ಸರಪಳಿಯಿಲ್ಲ, ಬೀಗವಿಲ್ಲ, ಶಿಲುಬೆಯೂ ಇಲ್ಲ, ಶಿಲುಬೆ ನಿಂತಿದ್ದಲ್ಲಿ ಒಂದು ಚೌಕದ ಗುಂಡಿ, ಅಂಗೈಯಷ್ಟು ಅಗಲ, ಅಂಚು ಕತ್ತರಿಸಿದ ಹಾಗೆ ನೇರ, ಒಳಗೆ ಕಪ್ಪು.

ಮೊದಲು ನಲ್ಲಿ ಹೋದವು, ಆಮೇಲೆ ಗಿಡಕ್ಕೆ ನೀರು ಬಿಡುವ ಪೈಪು, ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಪಾಪ ಯಾರಿಗೋ ಬೇಕಾಗಿತ್ತೇನೋ ಅಂದರು ಪಾದ್ರಿಗಳು, ಅವರಿಗೆ ಎಲ್ಲರೂ ಪಾಪವೇ, ಆಮೇಲೆ ಹಿಂಗೋಡೆಗೆ ಹಾಕಿದ್ದ ಏಸಿ ಡಬ್ಬದ ತಾಮ್ರದ ಪೈಪು ಕತ್ತರಿಸಿಕೊಂಡು ಹೋದರು, ಆ ಭಾನುವಾರ ಒಳಗೆ ಎಲ್ಲರೂ ಬೆವರಿದರು, ಬೆವರಿದ ಮೇಲೆ ಸಮಿತಿ ಸೇರಿತು, ಅಷ್ಟರಲ್ಲಿ ಜನರೇಟರಿನ ಬ್ಯಾಟರಿಯೂ ಕಳುವಾಗಿತ್ತು, ಶೆಡ್ಡಿನ ಬಾಗಿಲು ಕೀಲು ಸಮೇತ ಕಿತ್ತು ಬಿದ್ದಿತ್ತು, ಉಳಿದದ್ದು ಮಷಿನ್ನೊಂದೇ, ಅದನ್ನು ಅವನು ಮನೆಗೆ ಒಯ್ದು ಮಂಚದ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದ, ಪೆಟ್ರೋಲ್ ವಾಸನೆಗೆ ತಲೆನೋವು, ಖಜಾಂಚಿ ಕನ್ನಡಕ ಒರೆಸಿಕೊಳ್ಳುತ್ತಾ, ಚರ್ಚಿನ ಸಾಮಾನು ಮನೇಲಿಟ್ಕೊಂಡ್ರೆ ನೋಡೋರು ಏನಂತಾರೆ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು, ಇಲ್ಲೇ ಎಲ್ಲಾದರೂ ಅಲುಗಾಡದ್ದಕ್ಕೆ ಸರಪಳಿ ಹಾಕಿ ಬಿಗಿದುಬಿಡಿ ಅಂದರು, ಮುಂದಿನ ಕಂಬಕ್ಕೆ ಹಾಕ್ಲಾ ಅಂದದ್ದಕ್ಕೆ, ಅಯ್ಯೋ, ಮದುವೆ ಫೋಟೋದಲ್ಲೆಲ್ಲಾ ಮಷಿನ್ ಬರುತ್ತೆ, ಬೇಡ, ಮದುವೆ ಹುಡುಗಿಯ ಪಕ್ಕ ಮಷಿನ್ ನಿಂತಿರುವುದನ್ನು ನೆನೆದು ಅವನಿಗೂ ನಗು ಬಂದಿತ್ತು, ಅಲುಗಾಡದ್ದು ಅಂದರೆ ಈ ಅಂಗಳದಲ್ಲಿ ಮತ್ತಿನ್ನೇನು, ಸತ್ತವರು, ಸತ್ತವರೊಬ್ಬರೇ ಅಲುಗಾಡುವುದಿಲ್ಲ, ಆದರೆ ಯಾರದೋ ಮನೆಯವರ ಕಲ್ಲಿಗೆ ಸರಪಳಿ ಸುತ್ತಿದರೆ ರಾದ್ಧಾಂತ, ಕೇಳದೆ ಮುಟ್ಟಬಹುದಾದದ್ದು ಅವನ ಪಾಲಿಗೆ ಇದ್ದದ್ದು ಒಂದೇ.

ಮಗಳು ನೋಡಿದ ದಿನ, ಕೈಯಲ್ಲಿ ಹೂವಿನ ಪೊಟ್ಟಣ, ಶಿಲುಬೆಯ ಬುಡಕ್ಕೆ ಸುತ್ತಿದ ಸರಪಳಿ, ಅದಕ್ಕೊಂದು ತೆಂಗಿನಕಾಯಿಯಷ್ಟು ದಪ್ಪ ಬೀಗ, ಪಕ್ಕದಲ್ಲಿ ಎಣ್ಣೆ ಮೆತ್ತಿದ ಮಷಿನ್, ಅಪ್ಪಾ, ಅಮ್ಮನ್ನ ಗೂಟ ಮಾಡ್ಬಿಟ್ಯಾ, ಅಷ್ಟೇ ಅಂದದ್ದು, ದನಿ ಏರಿಸಲಿಲ್ಲ, ಏರಿಸಿದ್ದರೆ ಅವನೂ ಏನಾದರೂ ಅಂದುಬಿಡುತ್ತಿದ್ದ, ಆ ಶಿಲುಬೆ ಮಾಡಿದ್ದು ಅವಳ ಗಂಡ, ವೆಲ್ಡಿಂಗ್ ಕೆಲಸದವನು, ಯಾವುದೋ ಗೇಟಿನಿಂದ ಮಿಕ್ಕಿದ ಚೌಕದ ಪೈಪನ್ನು ಅಳತೆಗೆ ಕತ್ತರಿಸಿ, ಉಜ್ಜಿ, ಬೆಸೆದಿದ್ದ, ಅಮ್ಮನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆದದ್ದು ಅವಳೇ, ಕೊನೆಯ ಅಕ್ಷರ ಜಾಗ ಸಾಲದೆ ಸಣ್ಣದಾಗಿ ಒತ್ತಿಕೊಂಡು ಕೂತಿತ್ತು, ಬಸ್ಸಿನ ಸೀಟಿನಲ್ಲಿ ಮೂರನೆಯವರು ಕೂತ ಹಾಗೆ, ನೋಡಿದರೆ ಅವಳಮ್ಮನೇ ನಗುತ್ತಿದ್ದಳು — ಎರಡು ದಿನ ಅಷ್ಟೇ, ಬೇರೆ ಜಾಗ ಹುಡುಕ್ತೀನಿ ಕಣಮ್ಮ ಅಂದಿದ್ದ, ಹುಡುಕಲಿಲ್ಲ, ಹುಡುಕಿದ್ದರೆ ಸಿಗುತ್ತಿತ್ತು, ಹಿಂದಿನ ಮರ ಇತ್ತು, ಮರಕ್ಕೆ ಹಾಕಬಹುದಿತ್ತು, ಯಾರು ಬೇಡ ಅಂದಿದ್ದರು.

ಪಾದ್ರಿಗಳು ಬಂದರು, ಚಪ್ಪಲಿಗೆ ಇಬ್ಬನಿ, ಹಿಂದೆಯೇ ಖಜಾಂಚಿ, ಮಷಿನ್ ಹೋಯ್ತಾ, ಹೋಯ್ತು ಫಾದರ್, ಅಯ್ಯೋ ದೇವರೇ, ಹೋಗ್ಲಿ ಬಿಡು, ಮನುಷ್ಯರಿಗೆ ಏನೂ ಆಗ್ಲಿಲ್ವಲ್ಲ, ಖಜಾಂಚಿ ಮಾತ್ರ ಬಿಡುವ ಪೈಕಿ ಅಲ್ಲ, ಬೀಗ ಹಾಕಿದ್ರಿ ತಾನೇ, ಹಾಕಿದ್ದೆ, ಸರಿಯಾಗಿ ಹಾಕಿದ್ರಾ, ಎಳೆದು ನೋಡಿದ್ರಾ, ಎಳೆದು ನೋಡಿದ್ದೆ, ಬೀಗ ಒಡೆದಿಲ್ಲ ಸಾರ್, ಒಡೆಯದೇ ಹೆಂಗ್ ಹೋಗುತ್ತೆ, ಅವನು ಕೈ ತೋರಿಸಿದ, ಇಬ್ಬರೂ ಗುಂಡಿ ನೋಡಿದರು, ಓ ಅಂದರು ಖಜಾಂಚಿ, ಜಾಣರು, ಬುಡ ಸಮೇತ ಎತ್ತಿ ಮಷಿನ್ ಮೇಲೇ ಹೇರ್ಕೊಂಡು ತಳ್ಕೊಂಡ್ ಹೋಗಿದಾರೆ ನೋಡಿ ಫಾದರ್, ಮೆಚ್ಚಿಕೊಂಡ ಹಾಗಿತ್ತು ಆ ದನಿ, ಮೇಲೇ ಹೇರಿಕೊಂಡು, ಹೌದು, ಅದಕ್ಕೇ ಗೆರೆಯ ಹುಲ್ಲು ಅಷ್ಟು ಒತ್ತಿಹೋಗಿದೆ, ಅವಳ ಭಾರ, ಅವಳ ಹೆಸರಿನ ಭಾರ ಹೊತ್ತು ಆ ಸೊಟ್ಟ ಚಕ್ರ ಕಿರುಗುಟ್ಟುತ್ತಾ ಹೋಗಿದೆ, ಆಸ್ಪತ್ರೆಯಲ್ಲಿ ಅವಳನ್ನು ತಳ್ಳಿಕೊಂಡು ಹೋದ ಗಾಲಿಮಂಚವೂ ಹೀಗೇ ಕಿರುಗುಟ್ಟುತ್ತಿತ್ತು, ರೀ, ನಿಮ್ಮ ಮಷಿನ್ ಇದ್ದಂಗಿದೆ ಅಂದಿದ್ದಳು, ಅಷ್ಟು ನೋವಿನಲ್ಲೂ, ಮದುವೆಯಾದಾಗಿನಿಂದ ಆ ಮಷಿನ್ನೆಂದರೆ ಅವಳಿಗೆ ಸವತಿ, ಅದನ್ನೇ ಮದುವೆ ಆಗ್ಬೇಕಿತ್ತು ನೀವು, ಅದಕ್ಕೆ ಎಣ್ಣೆ ಹಾಕೋ ಪ್ರೀತಿ ನನ್ನ ಮೇಲಿದ್ರೆ, ಅನ್ನುತ್ತಲೇ ಅವನ ಪ್ಯಾಂಟಿಗೆ ಅಂಟಿದ ಹುಲ್ಲಿನ ಬೀಜ ಒಂದೊಂದಾಗಿ ಕಿತ್ತುಹಾಕುತ್ತಿದ್ದಳು, ಈಗ ಗುಜರಿಯವನ ತಕ್ಕಡಿಯಲ್ಲಿ ಇಬ್ಬರೂ ಒಟ್ಟಿಗೆ, ಗುಜರಿಯವನಿಗೆ ಕಬ್ಬಿಣ ಅಂದರೆ ಕಬ್ಬಿಣ, ಬಿಳಿ ಬಣ್ಣದ ಅಕ್ಷರಕ್ಕೆ ಅಲ್ಲಿ ತೂಕವಿಲ್ಲ, ಹೊಸ ಮಷಿನ್ ತರೋಣ, ಈ ಸಲ ಕಂಬಕ್ಕೇ ಹಾಕೋಣ ಬಿಡಿ ಅನ್ನುತ್ತಿದ್ದಾರೆ ಖಜಾಂಚಿ, ಕಂಬಕ್ಕೆ, ಈಗ ಕಂಬಕ್ಕೆ, ಶಿಲುಬೆಯ ಮಾತನ್ನು ಇಬ್ಬರೂ ಎತ್ತಲಿಲ್ಲ, ಪಾದ್ರಿಗಳು ಗಂಟೆಗೆ ಹೊತ್ತಾಯ್ತು ನೋಡು ಎಂದು ಹೇಳಿ ಒಳಗೆ ಹೋದರು.

ಗಂಟೆ ಹೊಡೆಯಬೇಕು. ಮಣ್ಣು ಕೂರುವ ತನಕ ಸಿಮೆಂಟ್ ಹಾಕಿಸಬೇಡಿ, ಒಂದು ಮಳೆಗಾಲ ಹೋಗಲಿ, ಹೊಸ ಸಮಾಧಿ ಮಣ್ಣಿಗೆ ಹಿಡಿತ ಇರಲ್ಲ, ಯಾವ ಮನೆಯವರು ಬಂದರೂ ಅವನು ಹೇಳುವ ಮಾತು ಅದೇ, ಬಾಯಿಪಾಠ, ಅವಳದ್ದಕ್ಕೂ ಅದಕ್ಕೇ ಸಿಮೆಂಟ್ ಹಾಕಿಸಿರಲಿಲ್ಲ, ಅವಳ ಗುಂಡಿಯನ್ನು ತೋಡಿದ್ದೂ ಅವನೇ, ಬೇಡ, ಬೇರೆಯವರನ್ನ ಕರೆಸ್ತೀವಿ ಅಂದರು, ಬೇರೆಯವರು ಮೂಲೆ ಸರಿಯಾಗಿ ತೆಗೆಯುವುದಿಲ್ಲ ಎಂದು ತಾನೇ ಇಳಿದ, ಆ ಮಣ್ಣಿನ ಪ್ರತಿ ಹಿಡಿಯೂ ಗೊತ್ತಿತ್ತು, ಹಿಡಿತವಿಲ್ಲವೆಂದು ಗೊತ್ತಿತ್ತು, ಗೊತ್ತಿದ್ದೂ ಸರಪಳಿ ಸುತ್ತಿದ, ಯಾಕೆ ಅಂತ ಮಗಳು ಕೇಳುತ್ತಾಳೆ, ಕೇಳಿದರೆ ಹೇಳಬೇಕು, ಕಳ್ಳರು ಸಮಾಧಿಗೆ ಹೆದರುತ್ತಾರೆ ಅಂದುಕೊಂಡೆ ಎಂದು ಹೇಳಬಹುದು, ಸುಳ್ಳು, ಬೆಳಿಗ್ಗೆ ಬೀಗ ತೆಗೆಯುವಾಗ ಬಗ್ಗಬೇಕಿತ್ತು, ಬಗ್ಗಿದಾಗ ಎದ್ಯಾ ಅನ್ನಬಹುದಿತ್ತು, ಸಂಜೆ ಬೀಗ ಹಾಕಿ, ಎಳೆದು ನೋಡಿ, ಬರ್ತೀನಿ ಕಣೇ, ಮನೆಯಿಂದ ಹೊರಡುವಾಗ ಅನ್ನುತ್ತಿದ್ದ ಹಾಗೆಯೇ, ಹೆಂಡತಿಯ ಸಮಾಧಿಯ ಹತ್ತಿರ ಸುಮ್ಮನೆ ನಿಂತ ಗಂಡಸನ್ನು ಜನ ನೋಡುತ್ತಾರೆ, ಬೀಗ ಹಾಕುವವನನ್ನು ಯಾರೂ ನೋಡುವುದಿಲ್ಲ, ಇಷ್ಟನ್ನು ಮಗಳಿಗೆ ಹೇಗೆ ಹೇಳುವುದು, ಹೇಳಿದರೆ ಶಿಲುಬೆ ವಾಪಸ್ಸು ಬರುತ್ತದೆಯೇ, ಮಣ್ಣು ತುಂಬಿ ಮುಚ್ಚಿಬಿಡಲೇ ಗುಂಡಿಯನ್ನು, ಈಗಲೇ, ನಾಲ್ಕು ಹಿಡಿ ಮಣ್ಣು ಸಾಕು, ಆದರೆ ಮುಚ್ಚಿದರೆ ಅವಳ ತಲೆ ಎಲ್ಲಿದೆ ಎಂಬ ಗುರುತೂ ಹೋಯಿತು, ಈ ಸಾಲಿನಲ್ಲಿ ಎಲ್ಲವೂ ಒಂದೇ ಥರದ ದಿಬ್ಬ, ಆ ಚೌಕವೊಂದೇ ಈಗ ಅವಳ ಹೆಸರು.

ಗೇಟು ಕಿರ್ ಅಂದಿತು, ಗೇಟಿಗೂ ಎಣ್ಣೆ ಹಾಕಬೇಕು, ಮಗಳ ಚಪ್ಪಲಿ ಸದ್ದು, ಹೂವಿನ ವಾಸನೆ, ಅವನು ತಿರುಗಲಿಲ್ಲ, ಅವಳು ಪಕ್ಕದಲ್ಲಿ ಬಂದು ನಿಂತಳು, ಬೈಯಲಿ, ಒಂದು ಸಲ ಬೈದುಬಿಟ್ಟರೆ, ಬೀಗ ಒಡೆದಿದಾರಾ ಅಪ್ಪಾ, ಇಲ್ಲಮ್ಮ, ಬೀಗ ಒಡೆದಿಲ್ಲ, ಅವಳು ತಲೆಯಾಡಿಸಿದಳು, ಹಾಗಾದ್ರೆ ಚೆನ್ನಾಗೇ ಕಾಯ್ದಿದ್ದೀಯ ಬಿಡು, ಹೂವನ್ನು ಶಿಲುಬೆಯ ತೋಳಿಗೆ ಹಾಕುವ ಅಭ್ಯಾಸ ಅವಳಿಗೆ, ಕೈ ಅಷ್ಟೆತ್ತರಕ್ಕೆ ತಾನಾಗಿ ಎದ್ದಿತು, ಖಾಲಿ ಗಾಳಿಯಲ್ಲಿ ನಿಂತಿತು, ಇಳಿಯಿತು, ಹೂವನ್ನು ಎಲ್ಲಿಯೂ ಇಡದೆ ಹಿಡಿದುಕೊಂಡೇ ಒಳಗೆ ಹೊರಟಳು, ಅವನು ಜೇಬಿನಲ್ಲಿ ಕೈಯಿಟ್ಟ, ಆ ಬೀಗದ ಕೀಲಿಯನ್ನು ಗೊಂಚಲಿಗೆ ಸೇರಿಸಿರಲಿಲ್ಲ, ಬೇರೆಯೇ ಇಟ್ಟುಕೊಂಡಿದ್ದ, ಮೈ ಬಿಸಿಗೆ ಬೆಚ್ಚಗಿದೆ, ಒಳಗಿನಿಂದ ಪಾದ್ರಿಗಳು ಕರೆಯುತ್ತಿದ್ದಾರೆ, ಗಂಟೆ, ಗಂಟೆ ಹೊಡೆಯಬೇಕು, ಜನ ಬರುತ್ತಿದ್ದಾರೆ, ಗಂಟೆ ಹೊಡೆದು, ಗೇಟು ಪೂರಾ ತೆಗೆದು, ಆಮೇಲೆ — ಕೀಲಿ ಹಿಡಿದ ಕೈ ದಿನದ ಹಾಗೆ ಕೆಳಗೆ ಹೋಯಿತು, ಸೊಂಟ ಬಗ್ಗಿತು, ಎದ್ಯಾ ಅನ್ನಲು ಬಾಯಿ ತೆರೆಯಿತು, ಎದುರಿಗೆ ಚೌಕದ ಗುಂಡಿ, ಅಂಚು ನೇರ, ಒಳಗೆ ಕಪ್ಪು, ಚೌಕದ ಗುಂಡಿ.