ಕೆರೆಗೆ ಕೊಟ್ಟದ್ದು

ಜವರಮ್ಮ ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡು ಸೊಸೆಯ ತುಟಿಯ ಬಣ್ಣ ಒರೆಸುತ್ತಿದ್ದಳು. ಪೆಟ್ಟಿಗೆಯೊಳಗೆ ರೇಷ್ಮೆ ಸೀರೆಯಲ್ಲಿ ಮಲಗಿದ್ದ ವಿನೋದಾ ಬದುಕಿದ್ದಾಗ ಒಂದು ದಿನವೂ ತುಟಿಗೆ ಬಣ್ಣ ಹಚ್ಚಿದವಳಲ್ಲ. ಯಾವ ಪುಣ್ಯಾತ್ಮ ಹಚ್ಚಿದನೋ ಏನೋ, ಎಷ್ಟು ತಿಕ್ಕಿದರೂ ಹೋಗದು. ಶವಸಂಸ್ಕಾರದ ಮನೆಯ ಕರಿ ಕೋಟಿನವನೊಬ್ಬ ಹತ್ತಿರ ಬಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಹೇಳಿದ.

"ಅಜ್ಜಿ, ಮುಟ್ಬಾರ್ದಂತೆ. ಪ್ಲೀಸ್," ಎಂದಳು ಹನ್ನೆರಡು ವರ್ಷದ ಮೊಮ್ಮಗಳು ಕಾವ್ಯಾ.

"ನನ್ ಸೊಸೆನ ನಾನು ಮುಟ್ಟಕ್ಕೆ ಇವನ್ಯಾರವ್ವ ಬ್ಯಾಡ ಅನ್ನಕ್ಕೆ?"

ಅಮೆರಿಕದ ಈ ಪದ್ಧತಿ ಯಾವುದೂ ಅವಳ ತಲೆಗೆ ಹತ್ತುತ್ತಿರಲಿಲ್ಲ. ಸತ್ತು ಐದು ದಿನವಾದ ಮೇಲೆ, ಮಂಗಳವಾರ ಹನ್ನೊಂದು ಗಂಟೆಗೆ ಎಂದು ಹೊತ್ತು ಗೊತ್ತುಮಾಡಿ ಸಂಸ್ಕಾರವಂತೆ. ಗಟ್ಟಿಯಾಗಿ ಅತ್ತವರು ಒಬ್ಬರೂ ಇಲ್ಲ. ಮಗ ಸುರೇಶನ ಆಫೀಸಿನವರು ರೆಡ್‌ವುಡ್ ಸಿಟಿಯಿಂದ ಬಂದು ಸಾಲಾಗಿ ಕೂತಿದ್ದರು; ಒಬ್ಬನ ಪೇಜರು ಗುಂಯ್ ಅಂದರೆ ಹತ್ತು ಜನ ತಂತಮ್ಮ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮೂವತ್ತೊಂಬತ್ತು ವರ್ಷದ ಹೆಂಗಸು, ಅಂಗಡಿಯಲ್ಲಿ ಹಾಲಿನ ಡಬ್ಬ ತೆಗೆಯುತ್ತಿದ್ದವಳು ಅಲ್ಲೇ ಕುಸಿದಳು. ತಲೆಯೊಳಗೆ ನರ ಒಡೆಯಿತು, ಯಾರಿಗೆ ಬೇಕಾದರೂ ಆಗಬಹುದು ಎಂದರು ಡಾಕ್ಟರು. ಜವರಮ್ಮನಿಗೆ ಮಾತ್ರ ಬೇರೆ ಕಾರಣ ಗೊತ್ತಿತ್ತು. ತನ್ನ ಬಾಯಿಂದಲೇ ಆಯಿತು ಎಂದು ಐದು ದಿನದಿಂದ ಅದನ್ನೇ ನೆನೆಯುತ್ತಿದ್ದಳು. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಪೆಟ್ಟಿಗೆಯ ಪಕ್ಕದ ಹಲಗೆಗಳ ಮೇಲೆ ಸುರೇಶ ಹೆಂಡತಿ ತೆಗೆದ ಫೋಟೋಗಳನ್ನು ಅಂಟಿಸಿದ್ದ. ಬಂದವರು ಒಂದನ್ನು ನೋಡಿ, ಇನ್ನೊಂದನ್ನು ನೋಡಿ, ಮತ್ತೆ ಮೊದಲನೆಯದಕ್ಕೆ ಬರುತ್ತಿದ್ದರು. ಎಲ್ಲದರಲ್ಲೂ ಅದೇ ಬೆಟ್ಟ, ಅದೇ ಕೆರೆ.

"ಎಲ್ಲಾ ಒಂದೇನಾ?" ಎಂದು ಕೇಳಿದ ಸುರೇಶನ ಸಹೋದ್ಯೋಗಿ ಜಯರಾಮ್.

"ಜಾಗ ಒಂದೇ. ಆರು ವರ್ಷ. ಪ್ರತಿ ಆಗಸ್ಟು ಅದೇ ಬಂಡೆ ಮೇಲೆ ನಿಂತು ತೆಗೀತಿದ್ಲು. ಯಾಕೆ ಅಂತ ನಾನು ಸರಿಯಾಗಿ ಕೇಳ್ಲೇ ಇಲ್ಲ ಕಣೋ. ಆಫೀಸಲ್ಲಿ ಈ ಸಾಫ್ಟ್‌ವೇರ್ ರಿಲೀಸು, ಆ ರಿಲೀಸು ಅಂತ..."

ಯಾಕೆಂದು ಹೇಳಿದವಳು ರೂತ್, ವಿನೋದಾಳ ಜೊತೆ ಬೆಟ್ಟ ಹತ್ತುತ್ತಿದ್ದ ನರೆಗೂದಲಿನ ಅಮೆರಿಕದ ಹೆಂಗಸು. ಅವಳು ಹೇಳಿದ್ದನ್ನು ಕಾವ್ಯಾ ಅಜ್ಜಿಗೆ ದಾಟಿಸಿದಳು. "ಮೊದ್ಲು ಏರೋಪ್ಲೇನಿಂದ ಲೇಕಿಗೆ ಫಿಶ್ ಹಾಕ್ತಿದ್ರಂತೆ, ಫಿಶಿಂಗ್ ಮಾಡೋರಿಗೆ. ಅವು ಕಪ್ಪೆ ಮರಿ ಎಲ್ಲಾ ತಿಂದ್ಬಿಟ್ವು. ಆಮೇಲೆ ಇವ್ರ ಗ್ರೂಪ್‌ನೋರು ಬಲೆ ಹಾಕಿ ಫಿಶ್ ಎಲ್ಲಾ ತೆಗೆದ್ರು. ಈಗ ಕಪ್ಪೆ ವಾಪಸ್ ಬಂದಿದೆ. ಅಮ್ಮನ ಫೋಟೋಲೇ ಫಸ್ಟ್ ಗೊತ್ತಾಗಿದ್ದು."

ಸುರೇಶ ಕಣ್ಣು ಒರೆಸಿಕೊಂಡ. "ಡಿಸೈಡ್ ಮಾಡ್ದೆ ಕಣೋ," ಎಂದ ಜಯರಾಮನಿಗೆ. "ಬೂದಿನ ಆ ಕೆರೆಗೇ ಬಿಡ್ತೀನಿ."

"ಅವ್ರಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ ಬಿಡು," ಎಂದ ಜಯರಾಮ್.

ರೂತ್‌ಗೆ ಸುರೇಶ ಇಂಗ್ಲಿಷಿನಲ್ಲಿ ಹೇಳಿದಾಗ ಅವಳು ಬಾಯಿ ತೆರೆದು ಮುಚ್ಚಿಕೊಂಡಳು. ಆಮೇಲೆ ಅವನ ಭುಜದ ಮೇಲೆ ಕೈಯಿಟ್ಟಳು. ಹೆಂಡತಿ ಸತ್ತವನಿಗೆ ಬೇಡ ಅನ್ನಲು ಈ ದೇಶದಲ್ಲೂ ನಾಲಿಗೆ ಏಳುವುದಿಲ್ಲ ಎಂದು ಜವರಮ್ಮನಿಗೆ ಗೊತ್ತಾಯಿತು.

"ಊರಿಗೆ ತಕೊಂಡೋಗನ ಕಣ್ಲಾ," ಎಂದಳು. "ಪಶ್ಚಿಮವಾಹಿನೀಲಿ ಬುಡನ."

"ಇಲ್ಲವ್ವ. ಇದೊಂದಾದ್ರೂ ಅವಳಿಗೆ ಇಷ್ಟ ಆಗೋ ಹಂಗೆ ಮಾಡ್ತೀನಿ."

*

ಎರಡು ವರ್ಷದ ಹಿಂದೆ ಜವರಮ್ಮ ಮೊದಲ ಸಲ ಅಮೆರಿಕಕ್ಕೆ ಬಂದಾಗ ವಿನೋದಾ ಅತ್ತೆಯನ್ನೂ ಮಗಳನ್ನೂ ಆ ಕೆರೆಗೆ ಕರೆದುಕೊಂಡು ಹೋಗಿದ್ದಳು. ಸುರೇಶನಿಗೆ ಆಫೀಸು. ಮಂಗಳೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ವಿನೋದಾಳಿಗೆ ಗಂಡನ ಬೆನ್ನಿಗೆ ಬಂದ ವೀಸಾದಲ್ಲಿ ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. ಕಪ್ಪೆಗಳು ವೀಸಾ ಕೇಳುವುದಿಲ್ಲ ಎಂದು ನಗುತ್ತಿದ್ದಳು.

ಐದು ಗಂಟೆ ಕಾರು, ಆಮೇಲೆ ನಾಲ್ಕು ಮೈಲಿ ಏರು. ಗದ್ದೆ ಬದುವಿನ ಮೇಲೆ ನಡೆದ ಕಾಲು, ಜವರಮ್ಮನೇ ಮುಂದೆ. ಮರಗಳೆಲ್ಲ ಕೆಳಗೆ ಉಳಿದು ಬರೀ ಕಲ್ಲು, ಆಗಸ್ಟಿನಲ್ಲೂ ಅಲ್ಲಲ್ಲಿ ಹಿಮ. ವಿನೋದಾ ದಡದಲ್ಲಿ ಬೋರಲು ಮಲಗಿ ನೀರಿನ ಕಡೆ ಕ್ಯಾಮೆರಾ ಹಿಡಿದಿದ್ದಳು. "ನೋಡಿ ಅತ್ತೆ, ಈ ಕಪ್ಪೆ ಮರಿಗಳು ಎರಡು ಮೂರು ಚಳಿಗಾಲ ಮಂಜುಗಡ್ಡೆಯ ಅಡಿಯಲ್ಲಿ ಹೀಗೇ ಇರುದು. ಆಮೇಲೆ ಕಪ್ಪೆ ಆಗುದು."

ಜವರಮ್ಮನಿಗೆ ಕಂಡದ್ದು ತುಂಬಿದ ಕೆರೆ. ಕೋಡಿ ಬಿದ್ದು ಹರಿಯುತ್ತಿತ್ತು, ಯಾರೂ ಬಾಗಿನ ಕೊಟ್ಟಿರಲಿಲ್ಲ. ಅರಿಶಿನ, ಕುಂಕುಮ, ಬಳೆ, ಅಕ್ಕಿ, ಬೆಲ್ಲ ಎಲ್ಲವನ್ನೂ ಗಂಟು ಕಟ್ಟಿಕೊಂಡು ತಂದಿದ್ದಳು. ಮೊರ ಎಲ್ಲಿ ಬರಬೇಕು ಈ ದೇಶದಲ್ಲಿ? ಅಲ್ಯೂಮಿನಿಯಂ ಹಾಳೆಯ ತಟ್ಟೆಯಲ್ಲಿ ಜೋಡಿಸಿ, ಕೈ ಮುಗಿದು ತೇಲಿಬಿಟ್ಟಳು. ತಟ್ಟೆ ನಾಲ್ಕು ಮಾರು ಹೋಗಿ ಮಗುಚಿತು. ನೀರು ಕೆಂಪಗಾಯಿತು.

ವಿನೋದಾ ಬಟ್ಟೆಯ ಸಮೇತ ಎದೆಮಟ್ಟದ ನೀರಿಗೆ ಇಳಿದಳು. ದುಪ್ಪಟ್ಟಾದಲ್ಲಿ ಅಕ್ಕಿ ಗೋರಿದಳು, ಮುಳುಗಿ ಬಳೆ ಹುಡುಕಿದಳು. ಮೇಲೆ ಬಂದಾಗ ತುಟಿ ನೀಲಿಯಾಗಿ ಹಲ್ಲು ಕಟಕಟಿಸುತ್ತಿತ್ತು. "ಇದರೊಳಗೆ ಯಾರೂ ಏನೂ ಹಾಕುದು ಬೇಡ ಅತ್ತೆ," ಎಂದಳು. "ನೀವು ಬೇಡ, ನಾನೂ ಬೇಡ."

ಜವರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಗಂಗವ್ವಂಗೆ ಕೊಟ್ಟಿದ್ದ ಕಿತ್ಕೊಂಡೋಳು ನೀನು. ನೋಡ್ತಿರು, ನೀ ಬಾಳಾಕಿಲ್ಲ," ಎಂದುಬಿಟ್ಟಳು. ಕಾವ್ಯಾ ಆಚೆ ಬಂಡೆಯ ಮೇಲೆ ಕೂತು ಚಿಪ್ಸ್ ತಿನ್ನುತ್ತಿದ್ದಳು. ಮಗುವಿಗೆ ಕನ್ನಡ ಅಷ್ಟಕ್ಕಷ್ಟೆ ಎಂದು ಜವರಮ್ಮ ಸಮಾಧಾನ ಮಾಡಿಕೊಂಡಳು.

ಬಟ್ಟೆ ಯಾಕೆ ಒದ್ದೆ ಎಂದು ಸುರೇಶ ಕೇಳಿದಾಗ ವಿನೋದಾ ಕಾಲು ಜಾರಿತು ಎಂದಳು. ಮಾರನೆಯ ದಿನ ಅತ್ತೆಗೆ ಎಂದಿನಂತೆ ನೀರುದೋಸೆ ಹೊಯ್ದು ಕೊಟ್ಟಳು. ಆ ಮಾತನ್ನು ಮತ್ತೆ ಇಬ್ಬರೂ ಎತ್ತಲಿಲ್ಲ.

*

ಕರಿ ಕೋಟಿನವನು ಒಂದು ಕಾಗದ ತಂದ. ಬೂದಿ ಎಲ್ಲಿ ಬಿಡುತ್ತೀರಿ ಎಂದು ಅದರಲ್ಲಿ ಬರೆಯಬೇಕಂತೆ. ಸುರೇಶ ಕೆರೆಯ ಹೆಸರು ಬರೆಯುತ್ತಿದ್ದ.

ಬಾಯಿ ಮುಚ್ಚಿಕೊಂಡಿದ್ದರೆ ಜವರಮ್ಮನ ಗುಟ್ಟು ಅವಳ ಜೊತೆಗೇ ಮಣ್ಣಾಗುತ್ತಿತ್ತು. ಮಗನೂ ಅವಳವನಾಗಿಯೇ ಉಳಿಯುತ್ತಿದ್ದ.

"ಬ್ಯಾಡ ಕಣ್ಲಾ ಮಗ. ಆ ಕೆರೆಗೆ ಹಾಕ್ಬ್ಯಾಡ."

"ಮತ್ತೆ ಶುರು ಮಾಡ್ಬೇಡವ್ವ."

"ಅವತ್ತು ಅವಳು ಕಾಲು ಜಾರಿ ಬೀಳಲಿಲ್ಲ. ನಾ ಬಾಗಿನ ಬುಟ್ಟಿದ್ದೆ. ಒಂದು ಕಾಳು ಅಕ್ಕಿನೂ ಬುಡದಂಗೆ ಬಾಚಿದ್ಲು. ಇದ್ರೊಳಗೆ ಯಾರೂ ಏನೂ ಹಾಕ್ಬ್ಯಾಡಿ ಅಂದ್ಲು, ತನ್ನೂ ಸೇರಿಸ್ಕೊಂಡು." ಜವರಮ್ಮ ಪೆಟ್ಟಿಗೆಯ ಕಡೆ ತಿರುಗಿದಳು. "ನಾನು... ನೀ ಬಾಳಾಕಿಲ್ಲ ಅಂದ್ಬುಟ್ಟೆ."

ಸುರೇಶನ ಪೆನ್ನು ನಿಂತಿತು. ಅರ್ಥವಾಗದವನಂತೆ ತಾಯಿಯನ್ನು ನೋಡಿದ, ಆಮೇಲೆ ಮಗಳನ್ನು.

"ನಂಗೊತ್ತಿತ್ತು," ಎಂದಳು ಕಾವ್ಯಾ. "ಅಪ್ಪಂಗೆ ಹೇಳ್ಬೇಡ ಅಂತ ಅಮ್ಮ ಪ್ರಾಮಿಸ್ ಮಾಡಿಸಿದ್ಲು."

ಸುರೇಶ ಬರೆದದ್ದನ್ನು ಹೊಡೆದುಹಾಕಿದ. ಅದರ ಮುಂದೆ ಏನೂ ಬರೆಯದೆ ಕಾಗದ ಹಿಂದಕ್ಕೆ ಕೊಟ್ಟ. ಪೆಟ್ಟಿಗೆಯನ್ನು ಒಳಗಿನ ಸುಡುವ ಕೋಣೆಗೆ ತಳ್ಳಿಕೊಂಡು ಹೋದರು. ಮನೆಯವರು ಮಾತ್ರ ಬರಬೇಕು ಎಂದು ಕರೆದರು. ಐದು ದಿನದಿಂದ ತಾಯಿಯ ತೋಳು ಹಿಡಿದೇ ನಡೆಸುತ್ತಿದ್ದ ಸುರೇಶ ಹಿಂದಕ್ಕೆ ನೋಡದೆ ಒಬ್ಬನೇ ಎದ್ದು ಹೋದ.

ತಾನು ಮನೆಯವಳು ಹೌದೋ ಅಲ್ಲವೋ ಎಂದು ಜವರಮ್ಮನಿಗೆ ತಿಳಿಯಲಿಲ್ಲ. ಕುರ್ಚಿಯಲ್ಲೇ ಕೂತಳು. ಅಪ್ಪನ ಹಿಂದೆ ಹೊರಟ ಕಾವ್ಯಾ ಹೊಸ್ತಿಲಲ್ಲಿ ನಿಂತಳು. ತಾನೇ ತಾನಾಗಿ ಮುಚ್ಚಿಕೊಳ್ಳುವ ಭಾರದ ಬಾಗಿಲು ಅದು. ಅದಕ್ಕೆ ಬೆನ್ನು ಕೊಟ್ಟು, ಶೂಗಳನ್ನು ನೆಲಕ್ಕೆ ಒತ್ತಿ ಹಿಡಿದು, ಮುಚ್ಚಲು ಬಿಡದೆ ಅಜ್ಜಿಯನ್ನೇ ನೋಡುತ್ತಿದ್ದಳು. ಬಾಗಿಲು ಅವಳನ್ನು ಇಷ್ಟಿಷ್ಟೇ ಮುಂದಕ್ಕೆ ದೂಡುತ್ತಿತ್ತು.