ನಾಲ್ಕನೇ ಕೋಣೆಯ ಎರಡು ಪೆಟ್ಟಿಗೆಗಳು

೧

ಪೆಟ್ಟಿಗೆಯಿಂದ ಶುರು ಮಾಡಲೋ, ಟೀಚರಿಂದ ಶುರು ಮಾಡಲೋ, ನನ್ನ ತಪ್ಪಿನಿಂದ ಶುರು ಮಾಡಲೋ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ತಪ್ಪಿನಿಂದ ಶುರು ಮಾಡುವುದು ಪ್ರಾಮಾಣಿಕತೆ, ನಿಜ. ಆದರೆ ನೀವು ಮೊದಲ ಸಾಲಿಗೇ ನನ್ನನ್ನು ಬೈದು ಪುಟ ಮಗುಚಿಬಿಟ್ಟರೆ ಉಳಿದದ್ದನ್ನು ಯಾರಿಗೆ ಹೇಳಲಿ? ಪೆಟ್ಟಿಗೆಯೇ ಇರಲಿ.

ನಮ್ಮದು ಚುನಾವಣೆಗಳ ಮ್ಯೂಸಿಯಂ. ಒಂದನೇ ಕೋಣೆಯಲ್ಲಿ ರಾಜರು ಹೋದ ಕಥೆ, ಎರಡರಲ್ಲಿ ಓಟು ಬಂದ ಕಥೆ, ಮೂರರಲ್ಲಿ ಹಳೆಯ ಭಾಷಣ ಕೇಳುವ ಹೆಡ್‌ಫೋನು, ನಾಲ್ಕರಲ್ಲಿ ನಾನು. (ನಾನು ಪ್ರದರ್ಶನದ ವಸ್ತುವಲ್ಲ, ಕಾವಲುಗಾರ. ಆದರೂ ಮಕ್ಕಳು ಆಗಾಗ ಮುಟ್ಟಿ ನೋಡುತ್ತಾರೆ.)

ನಾಲ್ಕನೇ ಕೋಣೆಯಲ್ಲಿ ಕಬ್ಬಿಣದ ಎರಡು ಮತಪೆಟ್ಟಿಗೆ. ಗಾಜಿನೊಳಗಿರುವುದು ಅಸಲಿ. ನಲವತ್ತೊಂದು ವರ್ಷದ ಹಿಂದೆ, ಊರಿನ ಚುನಾವಣೆಯಲ್ಲಿ, ಸೇತುವೆ ಕುಸಿದು ಹೊಳೆಯಾಚೆಯ ಬೀದಿಯ ಪೆಟ್ಟಿಗೆ ಎಣಿಕೆ ಮುಗಿದ ಮರುದಿನ ಬಂತು. ತಡವಾಯಿತೆಂದು ಯಾರೂ ತೆರೆಯಲಿಲ್ಲ. ಬೀಗದ ಮೇಲಿನ ಅರಗು ಇಂದಿಗೂ ಹಾಗೇ ಇದೆ. ಮೇಜಿನ ಮೇಲಿರುವುದು ನಕಲಿ. ಬಂದವರು ಚೀಟಿಗೆ ಮುದ್ರೆ ಒತ್ತಿ ಅದರೊಳಗೆ ಹಾಕಬಹುದು. ‘ಪ್ರಜಾಪ್ರಭುತ್ವವನ್ನ ಜನ ಕೈಯಾರೆ ಮುಟ್ಟಬೇಕು’ ಎನ್ನುವುದು ನಮ್ಮ ಮುಖ್ಯಸ್ಥೆ ಮೇಡಂ ಅವರ ಮಾತು. ಅವರಿಗೆ ಎಲ್ಲವೂ ಅಸಲಿಯಂತೆಯೇ ಕಾಣಬೇಕು. ಚೀಟಿಯ ಮೇಲೆ ಆ ಚುನಾವಣೆಯದೇ ಎರಡು ಗುರುತು: ಕೊಡೆ, ಏಣಿ. ಮುದ್ರೆಯೂ ಆ ಕಾಲದ್ದೇ. ಕಾಗದ ಹಳೆಯದಾಗಿ ಕಾಣಲೆಂದು ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದವನು ನಾನೇ. ಎಷ್ಟು ಚೆನ್ನಾಗಿ ಒಣಗಿಸಿದೆನೆಂದರೆ, ಅಲ್ಲಿಂದಲೇ ಈ ಕಥೆಯ ಕಷ್ಟ.

೧ (ಮತ್ತೆ)

ಬೇಡ, ಟೀಚರಿಂದಲೇ ಶುರು ಮಾಡೋಣ.

ಕೊಡೆ ಗುರುತಿನಿಂದ ನಿಂತು ಹತ್ತೊಂಬತ್ತು ಓಟಿನಲ್ಲಿ ಸೋತವರು ಟೀಚರ್. ಎಣಿಸದೆ ಉಳಿದದ್ದು ಅವರದೇ ಬೀದಿಯ ಪೆಟ್ಟಿಗೆ. ಈಗ ಅವರಿಗೆ ಎಂಬತ್ತೆರಡು. ಪ್ರತಿ ಬುಧವಾರ ಬರುತ್ತಾರೆ. ಗಾಜಿನ ಮುಂದೆ ಮಡಚುವ ಕುರ್ಚಿ ಹಾಕಿಕೊಡುತ್ತೇನೆ. ಯಾರೋ ಆಸ್ಪತ್ರೆಯಲ್ಲಿ ಮಲಗಿದ್ದಾರೆ ಅನ್ನುವ ಹಾಗೆ ಅರ್ಧ ಗಂಟೆ ಪೆಟ್ಟಿಗೆಯನ್ನು ನೋಡುತ್ತಾ ಕೂರುತ್ತಾರೆ.

“ಗೆದ್ದಿದ್ರಿ ಅಂತ ಗೊತ್ತಾದ್ರೆ ಸಮಾಧಾನ ಅಲ್ವಾ ಟೀಚರ್?” ಎಂದು ಒಮ್ಮೆ ಕೇಳಿದ್ದೆ.

“ಗೆದ್ದು ಈಗೇನು ಚರಂಡಿ ರಿಪೇರಿ ಮಾಡಿಸ್ಲೇನೋ? ಆ ಬೀದಿ ಮಕ್ಕಳಿಗೆಲ್ಲ ಅಕ್ಷರ ಕಲಿಸಿದೋಳು ನಾನು. ಅವರು ನನಗೆ ಹಾಕಿದ್ರೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು.”

ಬರುವ ಭಾನುವಾರ ಮ್ಯೂಸಿಯಂಗೆ ಇಪ್ಪತ್ತೈದು ವರ್ಷ. ಅಂದು ಜನರೆದುರು ಅರಗು ಒಡೆದು ಎಣಿಸಲು ಮೇಡಂ ಓಡಾಡಿ ಅನುಮತಿ ತಂದಿದ್ದಾರೆ. ಮುಂದಿನ ಸಾಲಿನಲ್ಲಿ ಟೀಚರಿಗೆ ಕುರ್ಚಿ.

(ಇಲ್ಲಿ ಒಂದೆರಡು ಸಾಲು ಹೊಡೆದು ಹಾಕಿದ್ದೆ. ಹೆಂಡತಿ ಮತ್ತೆ ಸೇರಿಸಿದಳು: ನಾನೂ ಆ ಬೀದಿಯವನೇ. ಆ ಚುನಾವಣೆ ನನ್ನ ಮೊದಲ ಓಟು. ಏಳನೇ ಕ್ಲಾಸಿನಲ್ಲಿ ಟೀಚರ್ ನನ್ನನ್ನು ಫೇಲ್ ಮಾಡಿದ್ದರು.)

೨

ಸರಿ, ತಪ್ಪು.

ಹೋದ ವಾರ, ಸೋಮವಾರ, ರಜೆಯ ದಿನ ನೆಲಕ್ಕೆ ಪಾಲಿಶ್. ಗಾಜು ತೆಗೆದು ಎರಡೂ ಪೆಟ್ಟಿಗೆಗಳನ್ನು ಹೊರಗಿಟ್ಟೆ. ಸಂಜೆ ಒಳಗಿಟ್ಟೆ. ಅದಲುಬದಲಾಗಿ ಇಟ್ಟೆ. ಬೀಗ, ಅರಗು ಇರುವುದು ಹಿಂಬದಿಗೆ, ಹಿಂಬದಿ ಗೋಡೆಯ ಕಡೆಗೆ. ಅಸಲಿಯ ಬಾಯಿಗೆ ಅಂಟಿಸಿದ್ದ ಕಾಗದ ಯಾವ ಕಾಲದಲ್ಲೋ ಪುಡಿಯಾಗಿ ಉದುರಿತ್ತು. ಗಾಜಿನೊಳಗಿದೆಯಲ್ಲ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಮಂಗಳವಾರದಿಂದ ಶನಿವಾರದವರೆಗೆ ಜನ ಸಾಲಾಗಿ ಬಂದು ಓಟು ಹಾಕಿದರು. ಎರಡು ಶಾಲೆಯ ಮಕ್ಕಳೂ ಬಂದಿದ್ದರು. ‘ಒಬ್ಬರಿಗೆ ಒಂದೇ ಚೀಟಿ’ ಎಂದು ನಾನೇ ಶಿಸ್ತಿನಿಂದ ಹಾಕಿಸಿದೆ. ಶನಿವಾರ ಸಂಜೆ ಪೆಟ್ಟಿಗೆ ಖಾಲಿ ಮಾಡಲು ಕೀಲಿ ಹಿಡಿದು ಹಿಂದಕ್ಕೆ ಹೋದರೆ, ಕೈಗೆ ಅರಗು ಸಿಕ್ಕಿತು.

ತಕ್ಷಣ ಪೆಟ್ಟಿಗೆಗಳನ್ನು ಅವುಗಳ ಜಾಗದಲ್ಲಿಟ್ಟೆ. ಹೊರಗಿನಿಂದ ಎಲ್ಲ ಸರಿಯಾಯಿತು.

೪

(ಮೂರನೆಯದು ಹೆಂಡತಿಗೆ ಹಿಡಿಸಲಿಲ್ಲ. ಅದರಲ್ಲಿ ತಪ್ಪನ್ನು ಸ್ವಲ್ಪ ಪಾಲಿಶ್ ಮಶೀನಿನ ತಲೆಗೆ ಕಟ್ಟಿದ್ದೆ.)

“ಟೀಚರಿಗೆ ಹೇಳಿದ್ರಾ?” ಎಂದಳು.

“ಕಥೆಯಲ್ಲಿ ಹೇಳ್ತೀನಿ.”

“ನಿಜವಾಗಿ?”

“ಕಥೆ ಮುಗೀಲಿ, ಹೇಗೆ ಹೇಳೋದು ಅಂತ ಗೊತ್ತಾಗುತ್ತೆ.”

“ರೀ, ನೀವು ಬರೀತಿರೋದು ಕಥೆಯಲ್ಲ, ರಜಾ ಅರ್ಜಿ.”

ಅವಳ ಬಾಯಿ ಮುಚ್ಚಿಸಲು ಮೂರು ಮುಕ್ತಾಯ ಬರೆದು ತೋರಿಸಿದೆ.

ಅ) ನಾನು ಸುಮ್ಮನಿರುತ್ತೇನೆ. ಭಾನುವಾರ ಎಣಿಸುತ್ತಾರೆ. ತೊಂದರೆ ಏನೆಂದರೆ, ಮಕ್ಕಳಿಗೆ ಏಣಿ ಎಂದರೆ ಪ್ರಾಣ. ನೂರಾರು ಮಕ್ಕಳು ಏಣಿಗೇ ಒತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಬೀದಿಯೇ ನನ್ನನ್ನು ಬೇಡವೆಂದಿತು ಅಂದುಕೊಂಡು ಟೀಚರ್ ಮನೆಗೆ ಹೋಗುತ್ತಾರೆ.

ಆ) ಇನ್ನಷ್ಟು ಚೀಟಿಗೆ ಕೊಡೆ ಒತ್ತಿ ನಾನೇ ತುರುಕುತ್ತೇನೆ. ಚಹಾದಲ್ಲಿ ಅದ್ದಿದ ಕಟ್ಟು ಇನ್ನೂ ಇದೆ. ಟೀಚರ್ ಗೆಲ್ಲುತ್ತಾರೆ, ಆನಂದದಿಂದ ಅಳುತ್ತಾರೆ, ನನ್ನ ತಲೆ ಸವರುತ್ತಾರೆ. (ಈ ಕೆಲಸಕ್ಕೆಂದೇ ಎರಡನೇ ಕೋಣೆಯಲ್ಲಿ ಒಂದು ಗೋಡೆ ಮೀಸಲಿದೆ. ಅದರ ಹೆಸರು ‘ಕಳ್ಳ ಓಟು’.)

ಇ) ಲ್ಯಾಬಿಗೆ ಕಳಿಸಿದರೆ ಹಳೆಯ ಕಾಗದ ಯಾವುದು, ಚಹಾದ ಕಾಗದ ಯಾವುದು ತಿಳಿದೀತು. ಆದರೆ ಕಳಿಸಬೇಕಾದರೆ ಯಾಕೆಂದು ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಹೆಂಡತಿ ಮೂರನ್ನೂ ಓದಿದಳು. “ನಿಮ್ಮ ರಿಟೈರ್‌ಮೆಂಟಿಗೆ ಇನ್ನೆಷ್ಟು ತಿಂಗಳು?” ಎಂದಳು.

“ನಾಲ್ಕು.”

“ಹೋಗಿ ಹೇಳಿ,” ಎಂದು ಒಗೆದ ಬಟ್ಟೆ ಮಡಚತೊಡಗಿದಳು.

೫

ಬುಧವಾರ ಟೀಚರ್ ಬಂದರು. ಕುರ್ಚಿ ಹಾಕಿದೆ. ಇಲ್ಲಿಯವರೆಗೆ ಬರೆದ ಈ ಹಾಳೆಗಳನ್ನೇ ಅವರ ಕೈಗೆ ಕೊಟ್ಟೆ. (ಹೌದು, ನಿಮಗಿಂತ ಮೊದಲು ಅವರು ಓದಿದ್ದಾರೆ.) ಅವರು ಕನ್ನಡಕ ಹಾಕಿಕೊಂಡರು, ಬ್ಯಾಗಿನಿಂದ ಕೆಂಪು ಪೆನ್ನು ತೆಗೆದರು. ನಾನು ಏಳನೇ ಕ್ಲಾಸಿನವನಂತೆ ಕೈ ಕಟ್ಟಿ ನಿಂತೆ.

ಎರಡನೆಯ ಭಾಗದಲ್ಲಿ ಪೆನ್ನು ನಿಂತಿತು. ತುಂಬಾ ಹೊತ್ತು ನಿಂತಿತು. ಆಮೇಲೆ ಮುಂದುವರಿಯಿತು.

“ಇದೇನೋ, ನಾನು ಅಳೋದು, ನಿನ್ನ ತಲೆ ಸವರೋದು? ನಿನ್ನ ತಲೆ ನಾನು ಯಾವತ್ತು ಸವರಿದೀನಿ?”

“ಅದು ಕಥೆ ಟೀಚರ್.”

“ನನ್ನ ಪಾತ್ರಕ್ಕೆ ಒಪ್ಪಲ್ಲ. ತೆಗಿ.” ಗೀಟು ಎಳೆದರು. “ಈ ‘ಇ’ ಇರ್ಲಿ. ಮೇಡಂಗೆ ಇವತ್ತೇ ಹೇಳು.”

“ಲ್ಯಾಬಿನೋರು ಒಂದು ವರ್ಷ ಮಾಡಬಹುದು ಟೀಚರ್.”

“ನಲವತ್ತೊಂದು ಕಾದಿದೀನಿ.” ಗಾಜಿನ ಕಡೆ ತಿರುಗಿದರು. “ಎಂಬತ್ತೆರಡು ಆಗಿದೆ ಅನ್ನೋದೊಂದೇ ಯೋಚನೆ.”

ಇಲ್ಲಿ ನಾನು ಒಂದು ಒಳ್ಳೆಯ ವಾಕ್ಯ ಬರೆಯಬೇಕಿತ್ತು. ಹೊಳೆಯಲಿಲ್ಲ.

ಹೊರಡುವಾಗ ಹೇಳಿದರು: “ಲ್ಯಾಬಿಲ್ಲದೆಯೂ ಗೊತ್ತಾಗೋ ಚೀಟಿ ಅದರೊಳಗೆ ಒಂದಿದೆ. ನಿಂದು. ಅದು ಯಾವುದಕ್ಕೆ?”

“ಓಟು ಗುಪ್ತ ಅಂತ ನೀವೇ ಹೇಳಿಕೊಟ್ಟಿದ್ದು ಟೀಚರ್.”

“ಹಾಗಾದ್ರೆ ಒಂದು ಪಾಠ ಆದ್ರೂ ತಲೆಗೆ ಹತ್ತಿದೆ,” ಎಂದರು. ನಗಲಿಲ್ಲ. ಕೊನೆಯ ಹಾಳೆಯ ಹಿಂದೆ ಏನೋ ಗೀಚಿ ಮಡಚಿ ಕೊಟ್ಟರು.

೫ (ಅರ್ಧ)

ಮೇಡಂಗೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಟೀಚರ ಕುರ್ಚಿಯಲ್ಲಿ ಕುಸಿದು ಕೂತರು. “ಚಹಾದಲ್ಲಿ ಅದ್ದೋದು ನನ್ನ ಐಡಿಯಾ ಅಲ್ವಾ,” ಎಂದರು. ಸ್ವಲ್ಪ ಹೊತ್ತಿನ ಮೇಲೆ ಮುಖ ಅರಳಿತು. “ನಡೆದಿದ್ದನ್ನೆಲ್ಲ ಭಾನುವಾರ ಜನಕ್ಕೆ ಹೇಳಿಬಿಡೋಣ. ಈಗಲೇ ತೆರೆಯೋದಾ, ಲ್ಯಾಬಿಗೆ ಕಳಿಸೋದಾ, ಅವರೇ ಓಟು ಹಾಕಿ ತೀರ್ಮಾನ ಮಾಡಲಿ.”

“ಯಾವ ಪೆಟ್ಟಿಗೆಗೆ ಹಾಕಿಸೋದು ಮೇಡಂ?”

ಮೇಡಂ ಎರಡೂ ಪೆಟ್ಟಿಗೆಗಳನ್ನು ನೋಡಿದರು. ನಾನೂ ನೋಡಿದೆ. “ಕೈ ಎತ್ತಿಸೋಣ,” ಎಂದರು.

೬, ಅಥವಾ ಇನ್ನೊಮ್ಮೆ ೧

ನಾಳೆ ಭಾನುವಾರ. ಹೇಳುವುದು ಮೇಡಂ ಅಲ್ಲ, ನಾನು. ಜನ ಯಾವುದಕ್ಕೆ ಕೈ ಎತ್ತುತ್ತಾರೋ ನನಗೆ ಗೊತ್ತಿಲ್ಲ. ಟೀಚರ್ ಕೈ ಎತ್ತುತ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ಗೊತ್ತಿರುವವನು ಬರೆಯಬೇಕಿದ್ದ ಕಥೆ ಇದು.

ಕೋಣೆ ಗುಡಿಸಿ, ಕುರ್ಚಿ ಜೋಡಿಸಿ ಮನೆಗೆ ಬಂದು ಟೀಚರ ಹಾಳೆ ಬಿಡಿಸಿದೆ. ಕೆಂಪು ಮಸಿಯಲ್ಲಿ ಒಂದು ಕೊಡೆ, ಒಂದು ಏಣಿ. ಪಕ್ಕದಲ್ಲಿ ಖಾಲಿ ಚೌಕ ಒಂದೊಂದು. ಕೆಳಗೆ, ‘ಉತ್ತರ ಬರೆಯುವುದು ಕಡ್ಡಾಯವಲ್ಲ.’

ಮ್ಯೂಸಿಯಂನ ಮುದ್ರೆ ಜೇಬಿನಲ್ಲೇ ಉಳಿದು ಮನೆಗೆ ಬಂದಿದೆ. (ನಾಳೆ ಬೆಳಿಗ್ಗೆ ವಾಪಸ್ ಇಡುತ್ತೇನೆ.) ಮಸಿ ಹಚ್ಚಿದೆ. ಹೆಂಡತಿ ಬಗ್ಗಿ ಇಣುಕಿದಳು. ಎಡಗೈ ಅಡ್ಡ ಹಿಡಿದೆ.

ನೀವೂ ಒಂದು ಗಳಿಗೆ ಆ ಕಡೆ ತಿರುಗಿ.